ಬಿಡಲು ಬಾರದ ಬ್ರೇಕು

ನಾನು ಒಂದು ಬ್ರೇಕು. ಗುಡ್ಡ ಹತ್ತುವ ಸೈಕಲ್ಲಿನ ಹಿಂದಿನ ಚಕ್ರದ ಬ್ರೇಕು. ಬ್ರೇಕಿಗೂ ಒಂದು ಕಥೆಯೇ ಎಂದು ನೀವು ನಗಬಹುದು. ನಗಿ. ಒಬ್ಬ ಹುಡುಗಿಯ ಬದುಕನ್ನೇ ಹಿಡಿದು ನಿಲ್ಲಿಸಿದವನು ನಾನು, ನಿಮ್ಮ ನಗು ನನಗೇನು ಮಾಡೀತು?

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಯೂಮಿನಿಯಂ ತುಂಡನ್ನು ಕೊರೆದು ನನ್ನ ಮೈ ಮಾಡಿದರು. ಹೊಟ್ಟೆಯೊಳಗೆ ಎರಡು ಪಿಸ್ಟನ್ ಇಟ್ಟು, ಅವುಗಳಿಗೆ ಒಂದೊಂದು ರಬ್ಬರ್ ಬಳೆ ತೊಡಿಸಿದರು. ಮೇಲೆ ಹ್ಯಾಂಡಲ್ಲಿನಲ್ಲಿ ಒಂದು ಲಿವರ್, ಅದರ ಪಕ್ಕ ಎಣ್ಣೆ ತುಂಬುವ ಪುಟ್ಟ ಬಟ್ಟಲು, ಬಟ್ಟಲಿಗೊಂದು ಮುಚ್ಚಳ. ಅಲ್ಲಿಂದ ನನ್ನವರೆಗೆ ಸಣ್ಣ ಕರಿಯ ಪೈಪು. ಸವಾರ ಲಿವರ್ ಒತ್ತಿದರೆ ಎಣ್ಣೆ ಬಂದು ಪಿಸ್ಟನ್‌ಗಳನ್ನು ನೂಕುತ್ತದೆ, ನಾನು ಚಕ್ರದ ನಡುವಿನ ಉಕ್ಕಿನ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುತ್ತೇನೆ. ಬೆರಳು ಸಡಿಲಿಸಿದರೆ ಬಿಡುತ್ತೇನೆ. ಹಿಡಿಯುವುದನ್ನು ಎಂಥ ಬ್ರೇಕಾದರೂ ಮಾಡುತ್ತದೆ. ಒಳ್ಳೆಯ ಬ್ರೇಕು ಗೊತ್ತಾಗುವುದು ಬಿಡುವುದರಲ್ಲಿ. ಪಿಸ್ಟನ್‌ಗಳನ್ನು ಹಿಂದಕ್ಕೆಳೆದು ಬಿಡಿಸುವ ಕೆಲಸ ಆ ರಬ್ಬರ್ ಬಳೆಗಳದು. ನನ್ನ ಮಾನವೆಲ್ಲ ಅವುಗಳ ಮೇಲೆ ನಿಂತಿತ್ತು.

ಮೊದಲು ನನ್ನನ್ನು ಕೊಂಡವರು ಧಾರವಾಡದ ಒಬ್ಬ ಬ್ಯಾಂಕಿನ ಸಾಹೇಬರು. ಸಕ್ಕರೆ ಕಾಯಿಲೆಗೆ ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ್ದರಂತೆ. ಸಾಹೇಬರು ನಾಲ್ಕು ಭಾನುವಾರ ತುಳಿದರು. ಐದನೆಯ ಭಾನುವಾರದಿಂದ ನಮ್ಮ ಹ್ಯಾಂಡಲ್ಲಿನ ಮೇಲೆ ಅವರ ಒದ್ದೆ ಬನಿಯನ್ನುಗಳು ಒಣಗತೊಡಗಿದವು. ಆರು ವರ್ಷ ಹಾಗೇ ಕಳೆಯಿತು. ನನ್ನ ಪೈಪಿನಲ್ಲಿ ಗಾಳಿ ಸೇರಿ ಲಿವರ್ ಮೆತ್ತಗಾಯಿತು.

ಅಲ್ಲಿಂದ ನಮ್ಮನ್ನು ಬಿಡಿಸಿಕೊಂಡು ಹೋದವನು ಫಕೀರಪ್ಪ. ಮುಂಡರಗಿಯ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಮೋಟರ್ ಸೈಕಲ್ ರಿಪೇರಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಅವನು, ಅವನ ಮಗಳು ನೀಲವ್ವ, ಇಬ್ಬರೇ. ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ನೀಲವ್ವ ಎರವಲು ಸೈಕಲ್ ತುಳಿದೇ ಜಿಲ್ಲೆಯಲ್ಲಿ ಎರಡು ಸಲ ಗೆದ್ದವಳು. ಈಗ ಕಪ್ಪತಗುಡ್ಡದ ಬುಡದಲ್ಲಿ ರಾಜ್ಯದ ತಂಡಕ್ಕೆ ಆಯ್ಕೆ ನಡೆಯಲಿತ್ತು. ಫಕೀರಪ್ಪನ ಅಣ್ಣ ಲಕ್ಷ್ಮೇಶ್ವರದಲ್ಲಿ ಅವಳಿಗೊಂದು ಗಂಡು ನೋಡಿಟ್ಟಿದ್ದ. ಕೊನೆಗೆ ಅಣ್ಣ ತಮ್ಮಂದಿರು ಕೂತು ಒಂದು ಮಾತಿಗೆ ಬಂದರು. ತಂಡದ ನಾಲ್ವರಲ್ಲಿ ಒಬ್ಬಳಾಗಿ ಆಯ್ಕೆಯಾದರೆ ಅವಳು ಓದಲಿ, ಸೈಕಲ್ ತುಳಿಯಲಿ. ಇಲ್ಲವಾದರೆ ಮದುವೆ. ಒಂದೇ ಸಲ, ಎರಡನೆಯ ಮಾತಿಲ್ಲ.

"ಅಪ್ಪಾ, ಹಿಂದಿನ ಬ್ರೇಕ್ ಮೆತ್ತಗಾಗೇತಿ. ಲಿವರ್ ಹ್ಯಾಂಡಲ್ಲಿಗೆ ಬಂದು ಬಡೀತೈತಿ" ಎಂದಳು ನೀಲವ್ವ, ನಾವು ಬಂದ ದಿನ ಸಂಜೆಯೇ.

"ಗಾಳಿ ಹೊಕ್ಕೇತಿ ಬಿಡವ್ವಾ. ಇಪ್ಪತ್ತೈದು ವರ್ಷ ಇದನ್ನ ಮಾಡೇನಿ, ಇದೇನು ದೊಡ್ಡ ಕೆಲಸ?"

ಅವನು ಬಟ್ಟಲಿನ ಮುಚ್ಚಳ ಬಿಚ್ಚಿದ. ಎಳ್ಳಿನಷ್ಟು ಸಣ್ಣ ಸ್ಕ್ರೂ ಎರಡು. ಮುಚ್ಚಳವನ್ನು ಅಂಗಾತ ಮಾಡಿ ಮಗಳ ಅಂಗೈಯಲ್ಲಿಟ್ಟು, ಅದರೊಳಗೆ ಸ್ಕ್ರೂ ಹಾಕಿದ. "ಹಿಡ್ಕೊ. ಕಳದ್ರ ಈ ಊರಾಗ ಸಿಗಂಗಿಲ್ಲ." ಆಮೇಲೆ ಹಳೆಯ ಎಣ್ಣೆಯನ್ನೆಲ್ಲ ಇಳಿಸಿ, ಅಂಗಡಿಯ ಬಾಟಲಿಯಿಂದ ಹೊಸ ಬ್ರೇಕ್ ಎಣ್ಣೆ ಸುರಿದ. ಮೋಟರ್ ಸೈಕಲ್ಲುಗಳಿಗೆ ಅವನು ದಿನಾ ಹಾಕುತ್ತಿದ್ದ ಎಣ್ಣೆ. ಅವನ ಕೈ ಎಷ್ಟು ಹಗುರವಾಗಿತ್ತೆಂದರೆ ಅಂಥ ಕೈ ನನ್ನ ಮೇಲೆ ಹಿಂದೆಂದೂ ಆಡಿರಲಿಲ್ಲ. ನೀಲವ್ವ ಕಣ್ಣು ಕದಲಿಸದೆ ಆ ಕೈಯನ್ನೇ ನೋಡುತ್ತಿದ್ದಳು.

ಎಣ್ಣೆ ಹೊಟ್ಟೆಗಿಳಿದ ಕೂಡಲೇ ಇದು ನನ್ನದಲ್ಲ ಎಂದು ನನಗೆ ತಿಳಿಯಿತು. ಹೇಳುವುದಕ್ಕೆ ಬಾಯಿ ಎಲ್ಲಿತ್ತು? ಲಿವರ್ ಗಟ್ಟಿಯಾಯಿತು. ಫಕೀರಪ್ಪ ಹಿಗ್ಗಿ ನನ್ನ ನೆತ್ತಿಗೊಂದು ಕುಂಕುಮ ಇಟ್ಟ.

ಹತ್ತು ದಿನಕ್ಕೆ ನನ್ನ ರಬ್ಬರ್ ಬಳೆಗಳು ನೆನೆಸಿಟ್ಟ ಕಡಲೆಯಂತೆ ಉಬ್ಬತೊಡಗಿದವು. ಹಿಡಿದದ್ದನ್ನು ಬಿಡುವುದು ಕಷ್ಟವಾಯಿತು. ಚಕ್ರ ತಿರುಗಿದರೆ ಸರ್ ಸರ್ ಎಂದು ಉಜ್ಜುವ ಸದ್ದು. ಫಕೀರಪ್ಪ ಸುಮ್ಮನೆ ಕೂರುವವನಲ್ಲ. ಮೊದಲು ನನ್ನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದು, ನಾನು ನಡುವಿಗೆ ಬಂದಮೇಲೆ ಬಿಗಿದ. ಎರಡು ದಿನ ನೆಟ್ಟಗಿದ್ದೆ. ಆಮೇಲೆ ಡಿಸ್ಕ್ ಸೊಟ್ಟಗಿದೆಯೇನೋ ಎಂದು ಒಂದು ಕಣ್ಣು ಮುಚ್ಚಿ ನೋಡಿ ತಿದ್ದಿದ. ಮತ್ತೊಂದು ದಿನ ಚಕ್ರ ಬಿಚ್ಚಿ, ಡಿಸ್ಕನ್ನು ಉಜ್ಜಿ ಹಿಡಿಯುವ ಪ್ಯಾಡ್ ತೆಗೆದು, ಪಿಸ್ಟನ್‌ಗಳನ್ನು ಒರೆಸಿ ಹಿಂದಕ್ಕೆ ಒತ್ತಿದ. ಎಣ್ಣೆಯೊಂದನ್ನು ಮಾತ್ರ ಅವನು ಸಂಶಯಿಸಲಿಲ್ಲ. ತನ್ನ ಕೈಯಿಂದಲೇ ಹಾಕಿದ ಹೊಸ ಎಣ್ಣೆಯನ್ನು ಯಾರು ತಾನೇ ಸಂಶಯಿಸುತ್ತಾರೆ!

ಅವನು ಪರೀಕ್ಷೆ ಮಾಡುತ್ತಿದ್ದದ್ದು ಬೆಳಗಿನ ತಂಪಿನಲ್ಲಿ, ಅಂಗಡಿಯ ನೆರಳಿನಲ್ಲಿ. ಆಗ ಚಕ್ರ ಹೇಗೋ ನಾಲ್ಕು ಸುತ್ತು ತಿರುಗುತ್ತಿತ್ತು. ಕಾದರೆ ನನ್ನೊಳಗಿನ ಎಣ್ಣೆ ಹಿಗ್ಗಿ, ನಾನು ಇನ್ನಷ್ಟು ಬಿಗಿಯುತ್ತೇನೆ ಎನ್ನುವುದು ಆ ತಂಪಿನಲ್ಲಿ ಅವನಿಗೆ ಕಾಣಲಿಲ್ಲ.

ಆಯ್ಕೆಯ ದಿನ ಬಂತು. ಮೂರು ಸುತ್ತು, ಕಡೆಗೆ ಗುಡ್ಡದ ನೆತ್ತಿಯ ಮೇಲೆ ಗುರಿಯ ಗೆರೆ. ಮೊದಲ ಏರು ನೀಲವ್ವ ಎರಡನೆಯವಳಾಗಿ ಹತ್ತಿದಳು. ಆಗಿನ ಅವಳ ಉಸಿರು ನನಗೆ ಇನ್ನೂ ನೆನಪಿದೆ, ಹಾಡಿನಂತೆ ಲಯ ತಪ್ಪದ ಉಸಿರು. ಇಳಿಜಾರಿನ ಪ್ರತಿ ತಿರುವಿನಲ್ಲೂ ಅವಳು ನನ್ನನ್ನು ಒತ್ತಿದಳು, ನಾನು ಹಿಡಿದೆ, ಕಾದು ಬಿಸಿಯಾದೆ. ಬುಡ ಮುಟ್ಟಿ ಅವಳು ಬೆರಳು ತೆಗೆದಳು.

ನಾನು ಬಿಡಲಿಲ್ಲ. ಬಿಡಲು ನನ್ನಿಂದ ಆಗಲಿಲ್ಲ.

ಎರಡನೆಯ ಏರು ಅವಳು ನನ್ನನ್ನೂ ಎಳೆದುಕೊಂಡು ಹತ್ತಿದಳು. ಅವಳು ಮುಂದಕ್ಕೆ ತುಳಿಯುತ್ತಿದ್ದಳು, ನಾನು ಹಿಂದಿನಿಂದ ಜಗ್ಗುತ್ತಿದ್ದೆ. ಒಬ್ಬೊಬ್ಬರಾಗಿ ಹುಡುಗಿಯರು ದಾಟಿ ಹೋದರು. ನನ್ನ ಉಜ್ಜುವ ಸದ್ದು ಅವಳ ಏದುಸಿರಿನಲ್ಲಿ ಮುಳುಗಿಹೋಯಿತು. ಅವಳು ಬೈದದ್ದು ತನ್ನ ಕಾಲುಗಳನ್ನು. "ನಡೀರಿ, ನಡೀರಿ" ಎಂದು ಅವುಗಳಿಗೆ ಹೇಳುತ್ತ ತೊಡೆಗೆ ಹೊಡೆದುಕೊಂಡಳು. ಮೂರನೆಯ ಏರಿನಲ್ಲಿ ಅತ್ತಳು. ಬಂದದ್ದು ಒಂಬತ್ತನೆಯವಳಾಗಿ.

ಆಯ್ಕೆಗೆ ಬಂದಿದ್ದ ಮಾಸ್ತರು ಪಟ್ಟಿ ನೋಡಿ ಹೇಳಿದರು: "ಇಳಿಯೂದು ಛಲೋ ಐತವ್ವಾ. ಏರಾಕ ದಮ್ಮಿಲ್ಲ. ಮುಂದಿನ ವರ್ಷ ನೋಡೂಣು."

ಮುಂದಿನ ವರ್ಷವೊಂದು ಇರಲಿಲ್ಲ ಎನ್ನುವುದು ಅವರಿಗೇನು ಗೊತ್ತು?

ಅವಳು ನಮ್ಮನ್ನು ಒಂದು ಬಂಡೆಗೆ ಒರಗಿಸುವಾಗ ತೋರುಬೆರಳು ಡಿಸ್ಕಿಗೆ ತಾಗಿತು. ಚುರ್ ಎಂದು ಚರ್ಮ ಸುಟ್ಟಿತು. ಕೊನೆಯ ಏರಿನುದ್ದಕ್ಕೂ ಅವಳು ಬ್ರೇಕನ್ನೇ ಮುಟ್ಟಿರಲಿಲ್ಲ, ಡಿಸ್ಕ್ ತಣ್ಣಗಿರಬೇಕಿತ್ತು. ಅವಳು ಬೆರಳನ್ನು ನೋಡಿದಳು. ನನ್ನನ್ನು ನೋಡಿದಳು. ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿದಳು. ಅರ್ಧ ಸುತ್ತೂ ಹೋಗಲಿಲ್ಲ.

ಅಷ್ಟರಲ್ಲಿ ಫಕೀರಪ್ಪ ನೀರಿನ ಬಾಟಲಿ ಹಿಡಿದು ಓಡಿಬಂದ. ಅವಳು ಚಕ್ರವನ್ನು ಮೆಲ್ಲಗೆ ನೆಲಕ್ಕಿಳಿಸಿ, ಸುಟ್ಟ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ಬ್ರೇಕ್ ಹೆಂಗಿತ್ತವ್ವಾ?"

"ಬ್ರೇಕ್ ಛಲೋ ಇತ್ತಪ್ಪಾ. ನನ್ನ ಕಾಲಾಗ ಬಲ ಇಲ್ಲ."

ಆ ಕ್ಷಣ ನಾನು ಸೀಳಿ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಲೋಹಕ್ಕೆ ಅಷ್ಟು ಸುಲಭದ ಸಾವು ಬರುವುದಿಲ್ಲ.

ಲಕ್ಷ್ಮೇಶ್ವರದವರು ಬಂದು ಎಲೆ ಅಡಿಕೆ ಬದಲಿಸಿಕೊಂಡು ಹೋದರು. ಸೈಕಲ್ ಮಾರಿಬಿಡು ಎಂದು ನೀಲವ್ವನೇ ಹೇಳಿದಳು. ಗದಗಿನಿಂದ ಒಬ್ಬ ಸೈಕಲ್ ಅಂಗಡಿಯವನು ನೋಡಲು ಬಂದ. ಚಕ್ರ ಎತ್ತಿ ತಿರುಗಿಸಿ, ಮುಖ ಕಿವುಚಿ, ಮುಚ್ಚಳ ಬಿಚ್ಚಿ ಬೆರಳದ್ದಿ ಮೂಸಿದ.

"ಇದಕ್ಕ ಗಾಡಿ ಎಣ್ಣಿ ಹಾಕೀರೇನ್ರೀ? ಇದಕ್ಕ ಮಿನರಲ್ ಎಣ್ಣಿನ ಬೇಕ್ರಿ. ಗಾಡಿ ಎಣ್ಣಿ ಇದರ ಸೀಲ್ ಉಬ್ಬಸ್ತೈತಿ, ಬ್ರೇಕ್ ಬಿಡಂಗಿಲ್ಲ. ನೋಡ್ರಿಲ್ಲೆ, ಮುಚ್ಚಳದ ಮ್ಯಾಲ ಇಂಗ್ಲೀಷಿನ್ಯಾಗ ಬರದಾರ."

ನನ್ನ ಹಣೆಯ ಮೇಲೇ ಬರೆದಿತ್ತು. ಫಕೀರಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಅವನು ಮನೆಯ ಬಾಗಿಲ ಕಡೆ ತಿರುಗಿ ನೋಡಿದ. ಆಮೇಲೆ ಹೇಳಿದ: "ಸಣ್ಣಗ ಮಾತಾಡ್ರಿ. ಒಳಗ ನನ್ನ ಮಗಳದಾಳ."

ಆಹಾ, ತನ್ನ ತಪ್ಪು ಮುಚ್ಚಿಕೊಳ್ಳುವ ಅಪ್ಪ ಎಂದುಕೊಂಡೆ. ಅವನನ್ನು ಕಂಡು ಹೇಸಿದೆ ಕೂಡ. ಸೈಕಲ್ಲಿಗೆ ಬೇರೆ ಬ್ರೇಕು ಹಾಕಿಸಿ ಕೊಟ್ಟ. ನನ್ನ ಹೊಟ್ಟೆ ಬಗೆದು ಉಬ್ಬಿದ ಬಳೆಗಳನ್ನು ತೆಗೆದು, ಚಿಂದಿಯಲ್ಲಿ ಕಟ್ಟಿದ. ಅರ ತಂದು ಮುಚ್ಚಳದ ಅಕ್ಷರಗಳನ್ನು ಒಂದೂ ಉಳಿಯದಂತೆ ಉಜ್ಜಿದ. ಎಲ್ಲವನ್ನೂ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿದ, ಜೊತೆಗೆ ಆ ದಿನ ಅವಳು ಬೆನ್ನಿಗೆ ಕಟ್ಟಿಕೊಂಡಿದ್ದ ನಂಬರಿನ ಬಟ್ಟೆ. ಎಸೆಯಲು ಅವನಿಂದಲೂ ಆಗಲಿಲ್ಲ, ನೋಡಿ.

ಡಬ್ಬಿಯ ಕತ್ತಲೆಯಲ್ಲಿ ಒಂಬತ್ತು ವರ್ಷ ಕಳೆದೆ. ನೀಲವ್ವ ಹಬ್ಬಕ್ಕೆ ಬರುತ್ತಿದ್ದಳು. ಧ್ವನಿ ವರ್ಷ ವರ್ಷಕ್ಕೂ ಸಣ್ಣದಾಗುತ್ತಿತ್ತು. ಒಮ್ಮೆ ಅವಳ ಮಗ ಅಂಗಡಿಯಲ್ಲಿ ಕೇಳಿದ: "ಅವ್ವಾ, ನಿನಗ ಸೈಕಲ್ ಹೊಡಿಯಾಕ ಬರ್ತೈತೇನು?"

"ಇಲ್ಲಪಾ" ಎಂದಳು.

ಫಕೀರಪ್ಪನ ಕೈಯಿಂದ ಪಾನಾ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಅವನು ಬಿಚ್ಚಿಟ್ಟ ಸ್ಕೂಟರಿನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದನಂತೆ. ಮಣ್ಣಾದ ಹನ್ನೆರಡನೆಯ ದಿನ ನೀಲವ್ವ ಅಂಗಡಿ ಖಾಲಿ ಮಾಡಲು ಗುಜರಿಯವನನ್ನು ಕರೆಸಿದಳು. ಡಬ್ಬಿ ತೆರೆದದ್ದು ಅವಳೇ. ನಂಬರಿನ ಬಟ್ಟೆ ನೋಡಿ ನೆಲಕ್ಕೆ ಕೂತಳು. ಚಿಂದಿ ಬಿಚ್ಚಿ ಉಬ್ಬಿದ ಬಳೆಗಳನ್ನು ನೋಡಿದಳು.

"ನಿನಗ ಗೊತ್ತಿತ್ತೇನಪ್ಪಾ?" ಎಂದಳು. "ನಿನಗ ಗೊತ್ತಾಗಬಾರದಂತ ನಾನು ಇಷ್ಟು ವರ್ಷ..."

ಆಮೇಲೆ ಮುಚ್ಚಳ ಕೈಗೆ ತೆಗೆದುಕೊಂಡಳು. ಅರದ ಗೆರೆಗಳ ಮೇಲೆ ಆ ಸುಟ್ಟ ಕಲೆಯ ಬೆರಳನ್ನು ಆಡಿಸಿದಳು. "ಇದನ್ಯಾಕ ಉಜ್ಜಿದಿ?" ಎಂದು ಕೇಳಿದಳು.

ಆಗ, ಅಷ್ಟು ವರ್ಷದ ಮೇಲೆ, ನನ್ನ ದಡ್ಡ ತಲೆಗೆ ಹೊಳೆಯಿತು. ಫಕೀರಪ್ಪನಿಗೆ ಓದಲು ಬರುತ್ತಿರಲಿಲ್ಲ. ಅವಳಿಗೆ ಬರುತ್ತಿತ್ತು.

ಗುಜರಿಯವನು ಬಾಗಿಲಲ್ಲಿ ನಿಂತು ಕೇಳಿದ: "ಅಕ್ಕಾರ, ಇದನ್ನೂ ಹಾಕ್ಲೇನ್ರಿ?"

ಅವಳು ನಂಬರಿನ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಉಳಿದದ್ದನ್ನು ಚೀಲಕ್ಕೆ ಸುರಿದಳು.

ಈಗ ಗದಗಿನ ಒಂದು ಗುಜರಿಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ನಡುವೆ ಬಿದ್ದಿದ್ದೇನೆ. ನಾಳೆಯೋ ನಾಡಿದ್ದೋ ಭಟ್ಟಿ. ನನ್ನ ಜೊತೆ ಆ ಮುಚ್ಚಳವೂ ಕರಗಿಹೋಗಲಿ. ಫಕೀರಪ್ಪ ಅಳಿಸಿದ್ದು ಅಳಿಸಿಯೇ ಇರಲಿ. ಬಿಡಲು ಬಾರದ ನನಗೆ ಇದೊಂದನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡು ಹೋಗುವ ಆಸೆಯಿದೆ. ಎಣ್ಣೆ ಹಾಕಿದ ಆ ಸಂಜೆ ಮುಚ್ಚಳವಿದ್ದದ್ದು ಅವಳ ಅಂಗೈಯಲ್ಲಿ. ಅಕ್ಷರಗಳು ಅವಳ ಚರ್ಮಕ್ಕೆ ಒತ್ತಿಕೊಂಡಿದ್ದವು, ಅವಳು ಅಪ್ಪನ ಕೈಯನ್ನು ನೋಡುತ್ತಿದ್ದಳು.