ಹಿತ್ತಲಿನ ಮಣ್ಣು

ಪಾಪುವನ್ನು ಒಳಕೋಣೆಯಲ್ಲಿ ಮಲಗಿಸಿ ಬಂದ ಮಗಳು ಸ್ಟೂಲಿನ ಮೇಲೆ ನಿಂತು ಮೇಲಿನ ಹಲಗೆಯಿಂದ ಟೊಮೆಟೊ ರಸದ ಬಾಟಲಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದಳು. ಪಕ್ಕದ ಮನೆಯ ದರ್ಜಿ ಹೆಂಗಸು ಅವನ್ನು ಈಸಿಕೊಂಡು ಮೇಜಿನ ಮೇಲೆ ಸಾಲಾಗಿಡುತ್ತಿದ್ದಳು. ಅಮ್ಮನನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಹೊರಕೋಣೆಯಲ್ಲಿ ಹತ್ತಿಪ್ಪತ್ತು ಮಂದಿ ಕುಳಿತಿದ್ದರು. ಹೋಗುವವರಿಗೆಲ್ಲ ಅಮ್ಮನ ಕೈಯದೊಂದು ಬಾಟಲಿ ಕೊಟ್ಟೇ ಕಳಿಸಬೇಕೆಂದು ಮಗಳ ಹಟ.

ಬಾಗಿಲ ಬಳಿ ಬ್ಯಾಟರಿ ಮೇಸ್ತ್ರಿ ನಿಂತಿದ್ದ. ಬ್ಯಾಟರಿ ಅಂಗಡಿಯ ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ಬೀದಿಗೆಲ್ಲ ಅವನ ಹೆಸರು ಅದೇ. ಬೆಳಗಿನಿಂದ ಅವನು ಒಂದು ಕಡೆ ಕುಳಿತಿರಲಿಲ್ಲ. ಹೆಂಡತಿ ಹೋದ ದುಃಖ ಎಂದು ಬಂದವರು ತಿಳಿದಿದ್ದರು. ದುಃಖವೇನೋ ಇತ್ತು. ಈ ಬಾಟಲಿಗಳನ್ನು ನೋಡಿದ ಮೇಲೆ ಭಯವೂ ಸೇರಿಕೊಂಡಿತ್ತು.

"ಇದೆಲ್ಲ ಈಗ ಯಾಕಮ್ಮ?" ಎಂದ.

"ಇನ್ಯಾವಾಗಪ್ಪ? ಅಮ್ಮ ವರ್ಷವಿಡೀ ಬೀದಿಗೆಲ್ಲ ಹಂಚಿದವಳು. ಕೊನೇ ಸಲ ನಾನು ಹಂಚ್ತೀನಿ."

ದರ್ಜಿ ಕೈಯಲ್ಲಿದ್ದ ಬಾಟಲಿಯನ್ನು ತಿರುಗಿಸಿ ನೋಡಿದಳು. "ಬೇಜಾರು ಮಾಡ್ಕೋಬೇಡ ಕಣಮ್ಮ, ಇವತ್ತು ಆಡೋ ಮಾತಲ್ಲ. ಯಾರಿಗೆ ಹಂಚಿದ್ರೋ ನಂಗೊತ್ತಿಲ್ಲ. ಗೋಡೆಗೆ ಗೋಡೆ ಅಂಟಿರೋ ಮನೆ ನಮ್ಮದು. ಒಂದು ಕಾಯಿ ಈಚೆ ಬರಲಿಲ್ಲ. ಅಕ್ಕನ ಕೈ ಸ್ವಲ್ಪ ಬಿಗಿ ಅಂದ್ಕೊಂಡು ನಾವೂ ಸುಮ್ಮನಾದ್ವಿ."

ಮಗಳ ಮುಖ ಸಪ್ಪಗಾಯಿತು. "ಅಪ್ಪನ ಕೈಲೇ ಕೊಟ್ಟು ಕಳಿಸ್ತಿದ್ಲಲ್ಲ. ಅಲ್ವಾ ಅಪ್ಪ?"



*

ಬಾಡಿಗೆಯ ಮಹಡಿ ಮನೆಗಳಲ್ಲಿ ಇಪ್ಪತ್ತಾರು ವರ್ಷ ಕಳೆದ ಹೆಂಡತಿ ತನ್ನ ತರಕಾರಿ ತೋಟವನ್ನು ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿನ ಮೇಲೆ ಬೆಳೆಸಿದ್ದಳು. ಬಿಸಿಲಿರುವ ಕಡೆ ಟೊಮೆಟೊ, ಗೋಡೆಗೆ ಹಬ್ಬಲು ಬೀನ್ಸ್, ನೆರಳಿಗೆ ಸೊಪ್ಪು. ಯಾವ ತಿಂಗಳು ಬಿತ್ತಬೇಕು, ಯಾವುದನ್ನು ಒಣಗಿಸಬೇಕು, ಯಾವುದನ್ನು ಕುದಿಸಿ ಬಾಟಲಿಗೆ ತುಂಬಬೇಕು, ಎಲ್ಲವೂ ಪೆನ್ಸಿಲ್ಲಿನಲ್ಲಿ ತಯಾರಾಗಿತ್ತು. "ಮಣ್ಣೊಂದು ಬಿಟ್ಟು ಎಲ್ಲ ಇದೆ ನಿನ್ನ ಹತ್ರ" ಎಂದು ಅವನು ರೇಗಿಸುತ್ತಿದ್ದ.

ಮಣ್ಣು ಸಿಕ್ಕಿದ್ದೂ ಅವನ ದೆಸೆಯಿಂದಲೇ. ಬ್ಯಾಟರಿ ಅಂಗಡಿ ಮುಚ್ಚಿದಾಗ ಮಾಲೀಕ ಕಟ್ಟಡವನ್ನು ಹಿತ್ತಲ ಸಮೇತ ಅವನಿಗೇ ಅಗ್ಗಕ್ಕೆ ಕೊಟ್ಟ, ಅದೇ ಅವರ ಮನೆಯಾಯಿತು. ಆ ಹಿತ್ತಲಿನಲ್ಲೇ ಮೇಸ್ತ್ರಿ ಹಳೆಯ ಬ್ಯಾಟರಿಗಳನ್ನು ಒಡೆದು, ಒಳಗಿನ ಸೀಸದ ಕೆಸರು ಬೆರೆತ ಆಸಿಡ್ ನೀರನ್ನು ವರ್ಷಗಟ್ಟಲೆ ಚೆಲ್ಲಿದ್ದ. ಭೂಮಿ ಏನನ್ನು ಕೊಟ್ಟರೂ ಕುಡಿದು ಅರಗಿಸಿಕೊಳ್ಳುತ್ತದೆ ಎಂದು ನಂಬಿದ್ದ. ಅವಳ ಕ್ಯಾಲೆಂಡರ್ ಪಟ್ಟಿಯ ಮೊದಲ ಸಾಲು ಮಾತ್ರ ಮಣ್ಣು ಪರೀಕ್ಷೆ ಎಂದಿತ್ತು. ಒಂದು ಡಬ್ಬಿಗೆ ಮಣ್ಣು ತುಂಬಿ ಅವನ ಕೈಯಲ್ಲಿ ಕಳಿಸಿದಳು.

"ಸೀಸ ಇದೆ ಯಜಮಾನ್ರೇ, ವಿಪರೀತ ಇದೆ" ಎಂದ ಪರೀಕ್ಷೆ ಮಾಡುವ ಕಚೇರಿಯ ಗುಮಾಸ್ತ. "ಅಲ್ಲಿ ಬೆಳೆದಿದ್ದನ್ನ ತಿನ್ನಬೇಡಿ. ಮಕ್ಕಳಿಗಂತೂ ಮುಟ್ಟಿಸಲೇಬೇಡಿ."

ಮನೆಗೆ ಬಂದರೆ ಅವಳು ಹಿತ್ತಲಿನಲ್ಲಿ ಮೊಣಕಾಲೂರಿ, ದಾರ ಕಟ್ಟಿ ಪಾತಿಗಳನ್ನು ಗುರುತು ಮಾಡುತ್ತಿದ್ದಳು. "ಏನಂದ್ರು?" ಎಂದು ತಲೆಯೆತ್ತಿ ಕೇಳಿದಳು.

"ಬಂಗಾರದಂಥ ಮಣ್ಣಂತೆ" ಎಂದುಬಿಟ್ಟ.

ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ನಾಳೆ ಎನ್ನುತ್ತ ಟೊಮೆಟೊ ಹಣ್ಣಾಯಿತು. ಬೇರೆಯವರಿಗಾದರೂ ತಾಗದಿರಲಿ ಎಂದು ಒಂದು ಉಪಾಯ ಹುಡುಕಿದ. "ನಿಂಗೆ ಮಂಡಿ ನೋವು, ನಾನೇ ಕೊಟ್ಟು ಬರ್ತೀನಿ" ಎಂದು ಚೀಲ ಹಿಡಿದು ಹೊರಡುವುದು, ಬೀದಿ ಕೊನೆಯ ಚರಂಡಿಗೆ ಸುರಿದು ಖಾಲಿ ಬಾಟಲಿ ತೊಳೆದು ತರುವುದು. "ತುಂಬ ಚೆನ್ನಾಗಿತ್ತಂತೆ" ಎಂದರೆ ಅವಳ ಮುಖ ಅರಳುತ್ತಿತ್ತು. ಮನೆಯಲ್ಲಿ ಅವಳ ಪಾಲಿಗೆ ಕಡಿಮೆ ಉಳಿಯಲೆಂದು ಅವನು ಎರಡೆರಡು ಸಲ ಬಡಿಸಿಕೊಂಡು ತಿನ್ನುತ್ತಿದ್ದ. ಅವಳು ಅದನ್ನೂ ತನ್ನ ಕೈರುಚಿ ಎಂದೇ ತಿಳಿದಳು.

ಮೂರನೆಯ ವರ್ಷಕ್ಕೆ, ದಿನವಿಡೀ ಆ ಮಣ್ಣಿನಲ್ಲೇ ಇರುತ್ತಿದ್ದ ಅವಳ ಕೈ ನಡುಗತೊಡಗಿತು, ಊಟ ಸೇರದಾಯಿತು, ವಸಡಿನ ಅಂಚಿಗೆ ನೀಲಿಗೆರೆ ಬಂತು. ವಯಸ್ಸಾಯಿತಲ್ಲ ಎಂದರು ಡಾಕ್ಟರು. ಪಕ್ಕದಲ್ಲೇ ಕುಳಿತಿದ್ದ ಹೇಡಿ ಗಂಡ ಹೂಂಗುಟ್ಟಿದ.

*

"ಹೇಳಿ ಅಪ್ಪ, ನೀವು ಕೊಡ್ತಿರಲಿಲ್ವಾ?" ಮಗಳು ಸ್ಟೂಲಿನಿಂದ ಇಳಿದಳು.

ಹೊರಗೆ ಯಾರೋ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. ದರ್ಜಿ ಒಂದು ಬಾಟಲಿಯನ್ನು ಒರೆಸಿ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು. ಮೇಸ್ತ್ರಿ ಒಳಗೆ ಬಂದು, ಆ ಚೀಲಕ್ಕೇ ಕೈಹಾಕಿ ಬಾಟಲಿಯನ್ನು ಹೊರಗೆ ತೆಗೆದ.

"ಅವಳ ಕೈ ಬಿಗಿ ಇರಲಿಲ್ಲಮ್ಮ. ನಿಮ್ಮನೆಗೆ ಅಂತ ದೊಡ್ಡ ಬಾಟಲೀನೇ ಆರಿಸಿ ಕೊಡ್ತಿದ್ಲು. ನಾನು ಚರಂಡಿಗೆ ಚೆಲ್ಲಿದೆ. ಆ ಮಣ್ಣು ವಿಷ. ಅದಕ್ಕೆ ವಿಷ ಹಾಕಿದವನೂ ನಾನೇ. ನಾಲ್ಕು ವರ್ಷದಿಂದ ಗೊತ್ತು ನಂಗೆ. ಅವಳಿಗೆ ಹೇಳಲಿಲ್ಲ."

"ಅಕ್ಕ ದಿನಾ ತಿಂತಿದ್ರಲ್ಲ ಅಣ್ಣ" ಎಂದಳು ದರ್ಜಿ, ಮೆಲ್ಲಗೆ.

"ತಿಂತಿದ್ಲು."

ಹೇಳಿಬಿಟ್ಟರೆ ಎದೆ ಹಗುರಾಗುತ್ತದಂತೆ. ಅವನಿಗೆ ಆಗಲಿಲ್ಲ. ಆದರೂ ಮುಳುಗುವವನ ಕೈಗೆ ಸಿಕ್ಕ ಕಡ್ಡಿಯಂತೆ ಒಂದು ಸಮಾಧಾನವಿತ್ತು, ಅದನ್ನೂ ಹೇಳಿದ: "ಇನ್ನೊಂದು ಮನೆ ಹೊಸಿಲು ದಾಟೋಕೆ ಒಂದು ಬಾಟಲೀನೂ ಬಿಟ್ಟಿಲ್ಲ ನಾನು. ಹೊರಗಿನ ಒಂದು ಜೀವಕ್ಕೂ ತಾಗಿಲ್ಲ."

ಮಗಳು ಅವನನ್ನೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ.

"ನಂಗೆ ಕಳಿಸ್ತಿದ್ಲು" ಎಂದಳು. "ಪಾಪುಗೆ ಅಂತ. ಅನ್ನ ತಿನ್ನೋಕೆ ಶುರು ಮಾಡಿದಾಗಿನಿಂದ. ನೀವು ಮಧ್ಯಾಹ್ನ ಮಲಗಿದ್ದಾಗ, ಬಾಗಿಲ ಮುಂದೆ ನಿಲ್ಲೋ, ನಮ್ಮೂರಿಗೆ ಬರೋ ಬಸ್ಸಿನ ಡ್ರೈವರ್ ಕೈಲಿ."

"ನಂಗೆ ಒಂದು ಮಾತು..."

"ನಿಮಗೆ ಹೇಳಬೇಡ ಅಂದಿದ್ಲು. ನಿಮ್ಮಪ್ಪಂದು ಧಾರಾಳದ ಕೈ, ಗೊತ್ತಾದ್ರೆ ಎಲ್ಲಾ ಊರಿಗೆ ಹಂಚಿಬಿಡ್ತಾರೆ, ಮಗೂಗೆ ಉಳಿಯಲ್ಲ ಅಂತ."

ಅವಳು ಒಳಕೋಣೆಗೆ ಹೋಗಿ ಮಲಗಿದ್ದ ಮಗುವನ್ನು ಎತ್ತಿಕೊಂಡು ಬಂದಳು. ಕಿಟಕಿಯ ಕೆಳಗೆ ನೆಲದ ಮೇಲೆಯೇ ಕುಳಿತು, ಅದರ ಮುಖವನ್ನು ಬೆಳಕಿಗೆ ತಿರುಗಿಸಿ, ಬೆರಳಿನಿಂದ ತುಟಿ ಬಿಡಿಸಿ ವಸಡಿನ ಅಂಚು ನೋಡತೊಡಗಿದಳು. ನಿದ್ದೆಗಣ್ಣಿನ ಮಗು ಅದನ್ನು ಆಟವೆಂದುಕೊಂಡು, ನಗುತ್ತ ಬಾಯನ್ನು ಇನ್ನಷ್ಟು ಅಗಲ ತೆರೆಯಿತು.