ಶವದ ಗಾಡಿಯಲ್ಲಿ ಕ್ಯಾಪ್ಟನ್ ಲಿಪಾದ್

ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು; ತಪ್ಪಿದ್ದರೆ ಕ್ಷಮಿಸಿ. ನಾನು ಶವಯಾತ್ರೆಯ ಹಿಂದೆ ನಡೆದವಳು, ಅಷ್ಟೇ.

ಚಂಡಮಾರುತದ ನೀರಿನಲ್ಲಿ ಮುಳುಗಿ ಸತ್ತ ಏಳು ವರ್ಷದ ದೊದೊಯ್‌ಗೆ, ಕಾಮಿಕ್ಸ್ ವೀರ ಕ್ಯಾಪ್ಟನ್ ಲಿಪಾದ್‌ನ ಹಾಡೆಂದರೆ ಪ್ರಾಣವಾಗಿತ್ತು. ನಮ್ಮ ಸಮರ್ ದ್ವೀಪದಲ್ಲಿ ಸತ್ತವರ ಮೆಚ್ಚಿನ ಹಾಡನ್ನು ಶವದ ಗಾಡಿಯಲ್ಲಿ ಹಾಕುತ್ತಾರೆ. ತಾಯಿ ಲುರ್ದೆಸ್ ಅದನ್ನೇ ಹಾಕಲು ಹೇಳಿದಳು.

"ಬೇಡ ಕಣಕ್ಕಾ," ಎಂದ ಅವಳ ತಮ್ಮ ನೆಸ್ತೋರ್. "ಕೂಗಿದ್ರೆ ಹಾರ್ಕೊಂಡು ಬರ್ತೀನಿ ಅಂತಾನೆ ಅದ್ರಲ್ಲಿ. ಅವತ್ತು ಎಲ್ಲಿ ಸತ್ತಿದ್ದ ಆ ಪುಣ್ಯಾತ್ಮ?"

"ಅವನು ಬರ್ಲಿಲ್ಲ ಅಂತ ಮಗೂಗೆ ಹಾಡೂ ಇಲ್ವೇನೋ? ಹಾಕ್ಸು."

ಗಾಡಿ ಹೊರಟಿತು. ಹಾಡಿನ ಪಲ್ಲವಿ ಬರುತ್ತಲೇ ಹಿಂದಿದ್ದ ದೊದೊಯ್‌ನ ತರಗತಿಯ ಮಕ್ಕಳು, ಶಾಲೆಯಲ್ಲಿ ಅದಕ್ಕೆ ಕಲಿತಿದ್ದಂತೆ ಸಾಲಾಗಿ ನಿಂತು, ಕೈ ಚಾಚಿ ಹಾರುವ ಹಾಗೆ ಕುಣಿಯತೊಡಗಿದರು. ಸಾಲಿನಲ್ಲಿ ದೊದೊಯ್‌ನ ಜಾಗವನ್ನು ಖಾಲಿ ಬಿಟ್ಟಿದ್ದರು.

"ಏಯ್, ಇದೇನ್ರೋ!" ಎಂದು ಟೀಚರು ಗದರಿದರು.

"ಬಿಡಿ ಟೀಚರ್, ಕುಣೀಲಿ," ಎಂದಳು ಲುರ್ದೆಸ್; ಮರುಗಳಿಗೆಯೇ ಓಡಿಹೋಗಿ ಚಾಲಕನ ಕಿಟಕಿ ಬಡಿದಳು. "ನಿಲ್ಸಪ್ಪಾ. ಸಾಕು, ನಿಲ್ಸು."

ಹಾಡು ನಿಂತಿತು. ಗಾಡಿ ಸ್ಮಶಾನದ ಕಡೆಗೆ ಸಾಗಿತು.

ಅವಳು ಹಾಡು ನಿಲ್ಲಿಸಿದ್ದು ಹಾರಿ ಬರುತ್ತೇನೆನ್ನುವ ಹಾಡಿನ ಆ ಮಾತು ಕೇಳಿಯೋ, ಖಾಲಿ ಜಾಗ ಕಂಡೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ನನಗಿಲ್ಲ.