ಕನ್ನಡಿಯೊಳಗಿನ ಹಳದಿ

ಸಲೂನಿನ ಯಜಮಾನನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೊ. ಕತ್ತರಿ ಕೈಗೆ ಬಂದರೆ ಸಾಕು, ಬಾಯಿ ತಾನಾಗಿಯೇ ಶುರುವಾಗುತ್ತಿತ್ತು. ಯಾರ ಮನೆಯ ನಲ್ಲಿ ಸೋರುತ್ತಿದೆ, ಯಾರ ಮದುವೆ ಮುರಿದುಬಿತ್ತು, ಬೆಕ್ಕು ಯಾಕೆ ನೀರಿಗೆ ಹೆದರುತ್ತದೆ, ಎಲ್ಲವೂ ಪ್ರಸಾರವಾಗುತ್ತಿದ್ದವು. ತಲೆ ಕೊಟ್ಟು ಕೂತವನು ಎದ್ದು ಹೋಗುವ ಹಾಗಿಲ್ಲವಲ್ಲ, ಕೇಳಲೇಬೇಕು. ಇಂಥ ಬಾಯಿಬಡುಕ ತನ್ನ ಮಗಳ ಒಂದು ಚಿತ್ರದ ಬಗ್ಗೆ ಮಾತ್ರ ಒಂದು ಮಾತೂ ಆಡಲಾರದೆ ಒದ್ದಾಡುತ್ತಿದ್ದ. ಅದರಲ್ಲಿ ಏನಿದೆ ಎಂದು ಅವನಿಗೂ ಗೊತ್ತಿರಲಿಲ್ಲ.

ಏನೂ ಇರಲಿಲ್ಲ ಎಂದರೂ ಸರಿಯೇ. ಬಾಗಿಲಿಗಿಂತ ಅಗಲವಾದ ದಪ್ಪ ಕ್ಯಾನ್ವಾಸ್ ಬಟ್ಟೆಯ ಮೇಲೆ ಬಣ್ಣವನ್ನು ಬ್ರಷ್‌ನಿಂದ ನೀರು ನೀರಾಗಿ ಕಲಸಿ ಸುರಿದು, ಅದು ಹರಿದ ಕಡೆಗೆ ಹರಿಯಲು ಬಿಟ್ಟಿದ್ದಳು. ಕೆಳಗೆ ನೀಲಿ, ಅದರ ಮೇಲೆ ತಿಳಿಗೆಂಪಿನ ಒಂದು ದೊಡ್ಡ ಹರವು, ಎಡಪಕ್ಕದಿಂದ ಒಳಗೆ ಬರುತ್ತಿರುವ ಹಳದಿ. ತಿಳಿಗೆಂಪು ಎಲ್ಲಿ ಮುಗಿದು ನೀಲಿ ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸಲು ಬರುತ್ತಿರಲಿಲ್ಲ. ಮರವಿಲ್ಲ, ಮನೆಯಿಲ್ಲ, ಮನುಷ್ಯನಿಲ್ಲ. ಹೋಗಲಿ, ಒಂದು ಕಾಗೆಯಾದರೂ ಇರಬೇಕೋ ಬೇಡವೋ?

ಚಿತ್ರಶಾಲೆಯ ಓದು ಮುಗಿದ ಮೇಲೆ ಗೆಳತಿಯರ ಜೊತೆ ಸೇರಿ ಅದನ್ನು ಒಂದು ಪ್ರದರ್ಶನಕ್ಕೆ ಇಟ್ಟಿದ್ದಳು. ಬಂದವರು ನಡೆಯುತ್ತಲೇ ಒಂದು ಕಣ್ಣು ಹಾಯಿಸಿ ಮುಂದೆ ಹೋದರು. ನಿಂತವನು ಒಬ್ಬನೇ. ಅವನೂ ನಿಂತದ್ದು ಮೊಬೈಲಿಗೆ ಸಿಗ್ನಲ್ ಸಿಕ್ಕಿತೆಂದು. ಮಗಳು ಮನೆಗೆ ಬಂದು ಚಿತ್ರವನ್ನು ಗೋಡೆಗೆ ಮುಖ ಮಾಡಿ ಒರಗಿಸಿದಳು.

"ಇದು ನಿಂತು ನೋಡೋ ಚಿತ್ರ ಅಪ್ಪಾ. ಯಾರಿಗೂ ಪುರುಸೊತ್ತಿಲ್ಲ ಅಂದ್ಮೇಲೆ ನಾನು ಯಾಕೆ ಮಾಡ್ಲಿ?" ಎಂದಳು. ಒಂದು ಆಫೀಸಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಅರ್ಜಿ ಹಾಕಿದಳು.

ಕೆಲಸಕ್ಕೆ ಸೇರುವುದರಲ್ಲಿ ತಪ್ಪೇನಿದೆ? ರೇಡಿಯೊನನ್ನು ಕಾಡಿದ್ದು ಬೇರೆ ವಿಷಯ. ಅವಳು ಬ್ರಷ್‌ಗಳನ್ನು ತೊಳೆಯದೆ ಹಾಗೆಯೇ ಡಬ್ಬಿಯಲ್ಲಿ ಬಿಟ್ಟಿದ್ದಳು. ಬಣ್ಣ ಒಣಗಿ ಅವು ಕಡ್ಡಿಯಾಗಿದ್ದವು. ದಿನವೂ ಕತ್ತರಿಗೆ ಎಣ್ಣೆ ಬಿಟ್ಟು ಒರೆಸಿಡುವ ಮನುಷ್ಯನಿಗೆ ಅದನ್ನು ನೋಡಲಾಗಲಿಲ್ಲ. ಕೈಬಿಟ್ಟವರು ಮಾತ್ರ ಹತಾರವನ್ನು ಹಾಗೆ ಬಿಡುತ್ತಾರೆ. ಯಾರಿಗೂ ಹೇಳದೆ ಆ ಡಬ್ಬಿಯನ್ನು ಅಂಗಡಿಗೆ ಒಯ್ದ.

ಚಿತ್ರದ ಮೇಲೆ ಭಾಮೈದನ ಕಣ್ಣು ಬೇರೆ. ಅವನಿಗೆ ಜಗತ್ತಿನಲ್ಲಿ ಹೆಂಡತಿ ಮಕ್ಕಳ ನಂತರ, ಕೆಲವರ ಪ್ರಕಾರ ಅವರಿಗಿಂತ ಮೊದಲು, ಇದ್ದದ್ದು ಒಂದು ಸ್ಕೂಟರ್. ಚಿತ್ರದ ಮೂಲೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಆಹಾ, ಎಂಥಾ ಬಟ್ಟೆ! ಮೇಲೆ ಬಣ್ಣ ಬೇರೆ. ನೀರು ಒಂದು ಹನಿ ಇಳಿಯಲ್ಲ. ನನ್ನ ಗಾಡಿಗೆ ಹೊದಿಸೋಕೆ ಹೇಳಿ ಮಾಡಿಸಿದ ಹಾಗಿದೆ" ಎಂದ.

"ತಗೊಂಡು ಹೋಗಿ ಮಾವ" ಎಂದಳು ಮಗಳು, ಹಳೇ ಪೇಪರ್ ಕೊಡುವಷ್ಟು ಸಲೀಸಾಗಿ.

ರೇಡಿಯೊ ನಡುವೆ ಬಾಯಿ ಹಾಕಿದ. "ಮಳೆ ಶುರುವಾಗ್ಲಿ, ಆಮೇಲೆ ತಗೊಂಡು ಹೋಗುವಿಯಂತೆ. ಅಲ್ಲೀವರೆಗೂ ನನ್ನ ಅಂಗಡಿ ಗೋಡೆಗೆ ಹಾಕ್ತೀನಿ. ಥಂಡಿ ಹಿಡಿದು ಸುಣ್ಣ ಉದುರ್ತಾ ಇದೆ."

ಸುಣ್ಣ ಉದುರುತ್ತಿದ್ದದ್ದು ನಿಜ. ಆದರೆ ಅವನ ಲೆಕ್ಕಾಚಾರವೇ ಬೇರೆ. ನಿಂತು ನೋಡುವ ಚಿತ್ರವನ್ನು ಕೂತು ನೋಡಿದರೆ ಆಗುವುದಿಲ್ಲವೇ? ತನ್ನ ಕುರ್ಚಿಯಲ್ಲಿ ಕೂತವರು ಮುಂದಿನ ಕನ್ನಡಿಯಲ್ಲಿ ಹಿಂದಿನ ಗೋಡೆಯನ್ನು ನೋಡುತ್ತಲೇ ಇರಬೇಕು, ಬೇರೆ ದಾರಿಯಿಲ್ಲ. ತರಾವರಿ ಕ್ರಾಪುಗಳ ಪಟವನ್ನು ತೆಗೆದು ಅಲ್ಲಿ ಚಿತ್ರ ತೂಗುಹಾಕಿದ. ಟ್ಯೂಬ್‌ಲೈಟಿನ ಬೆಳಕು ಬಿದ್ದು ನಡುವೆ ಒಂದು ಬಿಳಿ ಗೆರೆ ಹೊಳೆಯಿತು. ಟ್ಯೂಬ್‌ಲೈಟನ್ನೇ ಪಕ್ಕದ ಗೋಡೆಗೆ ಹಾಕಿಸಿದ. ಕುತ್ತಿಗೆಯ ಕೂದಲು ಉದುರಿಸುವಂಥದ್ದೇ ಒಂದು ಮೆತ್ತನೆ ಬ್ರಷ್ ಹೊಸದಾಗಿ ತಂದು, ಅಂಗಡಿ ಮುಚ್ಚುವ ಮೊದಲು ಚಿತ್ರದ ಮೇಲಿನ ಧೂಳು ಕೊಡವತೊಡಗಿದ.

ಗಿರಾಕಿಗಳು ಸುಮ್ಮನಿರುತ್ತಾರೆಯೇ?

"ಏನಯ್ಯಾ, ಮೇಲಿನ ಮನೆಯವರ ಬಚ್ಚಲು ಸೋರ್ತಾ ಇದೆಯಾ?" ಎಂದು ಒಬ್ಬ ಕೇಳಿದ.

"ಮುಂಚೆ ಪಟ ತೋರಿಸಿ ಇಂಥಾ ಕ್ರಾಪ್ ಮಾಡು ಅಂತಿದ್ದೆ. ಈಗ ಏನು ತೋರಿಸ್ಲಿ? ನೀಲಿ ತಲೆ ಮಾಡ್ತೀಯಾ?" ಎಂದು ಇನ್ನೊಬ್ಬ ರೇಗಿಸಿದ.

ಎಲ್ಲರಿಗಿಂತ ಹೆಚ್ಚು ಮೂಗು ಮುರಿದವರು ಬೇಗಬೇಗ ಮೇಷ್ಟ್ರು. ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು, ಹೋಗಬೇಕಾದ ಜಾಗ ಒಂದೂ ಇರಲಿಲ್ಲ. ಆದರೂ ಕುರ್ಚಿಗೆ ಬೆನ್ನು ತಾಗುವ ಮೊದಲೇ "ಬೇಗ ಬೇಗ" ಎನ್ನುತ್ತಿದ್ದರು. ಚಿತ್ರ ಮಗಳದೆಂದು ತಿಳಿದಾಗ, "ಹೆತ್ತವರಿಗೆ ಹೆಗ್ಗಣ ಮುದ್ದು ಬಿಡಪ್ಪಾ" ಎಂದುಬಿಟ್ಟರು. ರೇಡಿಯೊಗೆ ಮೈಯೆಲ್ಲ ಉರಿಯಿತು. ಆದರೆ ಅವರ ತಲೆಯಲ್ಲಿ ಸೇಡು ತೀರಿಸಿಕೊಳ್ಳುವಷ್ಟು ಕೂದಲೂ ಇರಲಿಲ್ಲ.

ಅದೇ ಮೇಷ್ಟ್ರು ಮತ್ತೊಮ್ಮೆ ಬಂದಾಗ, ಕೆಲಸ ಮುಗಿಸಿ ಹೊದಿಸಿದ ಬಟ್ಟೆ ತೆಗೆದರೂ ಏಳಲಿಲ್ಲ.

"ಆಯ್ತು ಮೇಷ್ಟ್ರೇ."

"ಸ್ವಲ್ಪ ತಡಿಯೋ. ಆ ನೀಲಿ ಇದೆಯಲ್ಲ, ನೋಡ್ತಾ ನೋಡ್ತಾ ಹಿಂದಕ್ಕೆ ಸರೀತದೆ. ಕೆಂಪು ಹತ್ತಿರ ಬರ್ತದೆ. ನನ್ನ ಕಣ್ಣಿಗೇನಾದ್ರೂ ಆಗಿದೆಯಾ?"

"ನನಗೂ ಒಂದೊಂದ್ಸಲ ಹಾಗೆ ಆಗುತ್ತೆ" ಎಂದ ರೇಡಿಯೊ. ಇಬ್ಬರೂ ಕನ್ನಡಿಯನ್ನೇ ನೋಡುತ್ತಿದ್ದರು. ಕಾಯುತ್ತಿದ್ದ ಗಿರಾಕಿ ಕೆಮ್ಮಿದ ಮೇಲೆಯೇ ಮೇಷ್ಟ್ರು ಎದ್ದದ್ದು.

ರೇಡಿಯೊ ಕುಣಿಯುತ್ತ ಮನೆಗೆ ಬಂದು ವರದಿ ಒಪ್ಪಿಸಿದ. ಮಗಳು ನಕ್ಕಳು.

"ಅಪ್ಪಾ, ನೀನು ಕೈಯಲ್ಲಿ ಕತ್ತಿ ಹಿಡ್ಕೊಂಡು ಕೇಳಿದ್ರೆ ಯಾರು ತಾನೇ ಚೆನ್ನಾಗಿಲ್ಲ ಅಂತಾರೆ?"

ಊರೆಲ್ಲ ಹೊಗಳಿದರೂ ಇವಳು ನಂಬುವವಳಲ್ಲ ಎಂದು ಆಗ ಅವನಿಗೆ ಅರ್ಥವಾಯಿತು.

ಮಳೆಗಾಲ ಯಾರ ಮಾತೂ ಕೇಳದೆ ಬಂದೇಬಿಟ್ಟಿತು. ಅದರ ಹಿಂದೆಯೇ ಭಾಮೈದನೂ ಹಗ್ಗ ಹಿಡಿದು ಅಂಗಡಿಗೆ ಬಂದ. ಚಿತ್ರವನ್ನು ಚೌಕಟ್ಟಿನಿಂದ ಬಿಡಿಸಿಕೊಡಲು ಮಗಳೂ ಬಂದಿದ್ದಳು. ಅರ್ಜಿ ಹಾಕಿದ್ದ ಕೆಲಸ ಸಿಕ್ಕಿ, ಮರುದಿನ ಅವಳು ಆಫೀಸಿಗೆ ಸೇರಬೇಕಿತ್ತು.

ಭಾಮೈದ ಮೊಳೆ ಕೀಳಲು ಹೊರಟ. ರೇಡಿಯೊ ತಡೆದ. "ಅವಸರ ಏನಯ್ಯಾ? ಅವಳ ಕೂದಲು ನೋಡು, ಕೆದರಿದ ಗೂಡಾಗಿದೆ. ನಾಳೆ ಹೀಗೆ ಹೋಗ್ತಾಳಾ? ಕೂತ್ಕೊಮ್ಮಾ."

ಬಹಳ ಕಾಲದ ಮೇಲೆ ಅವಳು ಆ ಕುರ್ಚಿಯಲ್ಲಿ ಕೂತಳು. ಚಿಕ್ಕವಳಿದ್ದಾಗ ಅದರ ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಕೂರಿಸುತ್ತಿದ್ದ ಕುರ್ಚಿ. ರೇಡಿಯೊ ಬಟ್ಟೆ ಹೊದಿಸಿ, ಕೂದಲಿಗೆ ನೀರು ಚಿಮುಕಿಸಿ, ಕತ್ತರಿ ಆಡಿಸತೊಡಗಿದ. ಒಂದು ಮಾತೂ ಆಡಲಿಲ್ಲ.

"ರೇಡಿಯೊ ಕೆಟ್ಟುಹೋಯ್ತಾ ಭಾವ?" ಎಂದ ಭಾಮೈದ.

ಮಗಳು ಮೊದಲು ತನ್ನ ಮುಖವನ್ನೇ ನೋಡಿಕೊಂಡಳು. ಎಷ್ಟು ಹೊತ್ತೆಂದು ನೋಡಿಕೊಳ್ಳಲು ಸಾಧ್ಯ? ಕಣ್ಣು ನಿಧಾನವಾಗಿ ಭುಜ ದಾಟಿ ಹಿಂದಕ್ಕೆ ಹೋಯಿತು. ಹುಬ್ಬು ಗಂಟಿಕ್ಕಿತು. ಕನ್ನಡಿಯಲ್ಲಿ ಎಡದ್ದು ಬಲಕ್ಕೆ ಬಂದಿತ್ತು. ತಾನೇ ಸುರಿದ ಬಣ್ಣವನ್ನು ಅವಳು ಬೇರೆ ಯಾರೋ ಮಾಡಿದ್ದೆಂಬಂತೆ ನೋಡುತ್ತಿದ್ದಳು. ರೇಡಿಯೊ ಎಡಕಿವಿಯ ಕಡೆ ಮುಗಿಸಿ ಬಲಕ್ಕೆ ಬಂದ. ಅವಳು ಕಣ್ಣು ಕದಲಿಸಲಿಲ್ಲ.

"ಅಪ್ಪಾ, ಆ ಹಳದಿ ಯಾಕೆ ಅಲ್ಲಿ ನಿಂತುಬಿಡ್ತು?"

"ನನ್ನ ಕೇಳಿದ್ರೆ? ಮಾಡಿದವಳು ನೀನು."

"ತಪ್ಪು ಅದು. ಅದು ಇನ್ನೂ ಒಳಕ್ಕೆ ಬರಬೇಕಿತ್ತು."

ರೇಡಿಯೊನ ಕೈ ನಿಂತಿತು. ಮುಗಿಯಿತು ಎಂದುಕೊಂಡ. ಇಷ್ಟು ದಿನ ತೂಗುಹಾಕಿ ಕಾದದ್ದಕ್ಕೆ ಸಿಕ್ಕಿದ್ದು ಇದೇ, ತಪ್ಪು ಎಂಬ ಮಾತು.

ಅವಳು ಎದ್ದೇಬಿಟ್ಟಳು. ಕುತ್ತಿಗೆಯ ಬಟ್ಟೆ ಹಾಗೆಯೇ ಇತ್ತು, ಒಂದು ಕಡೆ ಕೂದಲು ಗಿಡ್ಡ, ಇನ್ನೊಂದು ಕಡೆ ಉದ್ದ. ನೇರ ಚಿತ್ರದ ಮುಂದೆ ಹೋಗಿ, ಹಳದಿ ನಿಂತ ಅಂಚಿನ ಹತ್ತಿರ ಬೆರಳು ಒಯ್ದು, ತಾಗಿಸದೆ ಹಿಡಿದಳು.

"ಹೆದರಿಬಿಟ್ಟಿದ್ದೆ ಅಪ್ಪಾ. ಇನ್ನು ಬಿಟ್ರೆ ನೀಲಿ ಜೊತೆ ಸೇರಿ ಹಸಿರಾಗಿಬಿಡುತ್ತೆ ಅಂತ ಇಲ್ಲಿ ಬಟ್ಟೆ ಒತ್ತಿ ನಿಲ್ಲಿಸಿದ್ದೆ. ನೋಡು, ಉಳಿದಿದ್ದೆಲ್ಲ ಹರೀತಾ ಇದೆ, ಇದೊಂದು ಗೋಡೆ ಥರ ನಿಂತಿದೆ. ಹಸಿರಾದ್ರೆ ಆಗ್ಲಿ ಅಂತ ಬಿಡಬೇಕಿತ್ತು." ಬೆರಳನ್ನು ಹಿಂದಕ್ಕೆ ತೆಗೆದು, "ಮುಂದಿನದ್ರಲ್ಲಿ ಬಿಡ್ತೀನಿ" ಎಂದಳು.

ಮುಂದಿನದು! ರೇಡಿಯೊಗೆ ಕಿವಿಯನ್ನು ನಂಬಲಾಗಲಿಲ್ಲ. ಚೆನ್ನಾಗಿದೆ ಎಂದು ಯಾರು ಹೇಳಿದರೂ ಏಳದಿದ್ದವಳು, ಚೆನ್ನಾಗಿಲ್ಲ ಎಂದು ತನಗೇ ಕಂಡಾಗ ಎದ್ದು ನಿಂತಿದ್ದಳು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

"ಬ್ರಷ್ ಎಲ್ಲಾ ಹಾಳಾಗಿರುತ್ತೆ" ಎಂದು ಅವಳು ಗೊಣಗಿಕೊಂಡಳು.

ರೇಡಿಯೊ ಕನ್ನಡಿಯ ಕೆಳಗಿನ ಡ್ರಾಯರ್ ಎಳೆದ. ಬಾಚಣಿಗೆಗಳ ಪಕ್ಕದಲ್ಲಿ, ಒಗೆದ ಟವೆಲಿನಲ್ಲಿ ಸುತ್ತಿಟ್ಟ ಅವಳ ಬ್ರಷ್‌ಗಳಿದ್ದವು. "ನೆನೆಹಾಕಿ ಹೇನಿನ ಬಾಚಣಿಗೇಲಿ ಬಾಚಿದೀನಿ. ಒಂದೆರಡು ಬೋಳಾಗಿವೆ. ನನ್ನ ಕೈಲಾಗಿದ್ದು ಇಷ್ಟೇಮ್ಮಾ" ಎಂದ.

ಅವಳು ಒಂದು ಬ್ರಷ್‌ನ ತುದಿಯನ್ನು ಅಂಗೈಗೆ ಒತ್ತಿ ನೋಡಿದಳು. ಅದು ಮೆತ್ತಗೆ ಬಾಗಿತು. ಅಪ್ಪನ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಬಟ್ಟೆ ಕಿತ್ತು ಕುರ್ಚಿಯ ಮೇಲೆ ಹಾಕಿ, ಬ್ರಷ್‌ಗಳನ್ನು ಎದೆಗವಚಿಕೊಂಡು ಬಾಗಿಲಿಗೆ ನಡೆದಳು.

"ಅರ್ಧ ತಲೆ ಬಾಕಿ ಇದೆ ಕಣಮ್ಮಾ! ನಾಳೆ ಆಫೀಸು!"

"ಸಂಜೆ ಬರ್ತೀನಿ ಅಪ್ಪಾ!"

"ಹಾಗಾದ್ರೆ ಇದನ್ನ ನಾನು ಬಿಚ್ಕೊಳ್ಲಾ?" ಎಂದ ಭಾಮೈದ, ಹಗ್ಗ ಎತ್ತಿ ತೋರಿಸುತ್ತ.

"ಬೇಡ ಮಾವ. ಅದು ಅಲ್ಲೇ ಇರ್ಲಿ. ಸ್ಕೂಟರಿಗೆ ಬೇರೆ ಏನಾದ್ರೂ ಹುಡುಕಿಕೊಳ್ಳಿ" ಎಂದು ಮಳೆಯಲ್ಲೇ ಹೊರಟುಹೋದಳು.

ಭಾಮೈದ ಮುಖ ಊದಿಸಿಕೊಂಡು ಖಾಲಿ ಕುರ್ಚಿಯಲ್ಲಿ ಕುಕ್ಕರಿಸಿದ. "ಏನಿದೆ ಭಾವ ಅದರಲ್ಲಿ, ಅಪ್ಪ ಮಗಳು ಹೀಗಾಡೋಕೆ?"

ರೇಡಿಯೊ ಅವನಿಗೆ ಬಟ್ಟೆ ಹೊದಿಸಿ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಿಗೆ ನೇರ ಮಾಡಿ, ಕತ್ತರಿ ಎತ್ತಿಕೊಂಡ.